ಆಕ್ಸಿಲರೇಟರ್ ಒತ್ತಿದರೆ ಮಾತ್ರ ನಡುಕ: ಟಯರಾ, ಎಂಜಿನ್ನಾ, ಆಕ್ಸೆಲ್ಲಾ?

ಗಾಜನೂರು ಗಾಡಿ:
ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್. ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಓಡಾಟ ಜಾಸ್ತಿ ತೋಟದ ಮಣ್ಣು ರಸ್ತೆ, ಶಿವಮೊಗ್ಗ ಪೇಟೆ, ಆಗೊಮ್ಮೆ ಈಗೊಮ್ಮೆ ತೀರ್ಥಹಳ್ಳಿ. ಈ ಮಳೆಗಾಲ ಮುಗಿದ ಮೇಲೆ ಒಂದು ನಡುಕ ಶುರುವಾಗಿದೆ. 60ರಿಂದ 80ರ ನಡುವೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಗಾಡಿಯ ಮುಂಭಾಗ ಎಡಕ್ಕೂ ಬಲಕ್ಕೂ ಅಲ್ಲಾಡುತ್ತದೆ. ಕಾಲು ತೆಗೆದ ಕೂಡಲೇ ಮಾಯ. ನಾಲ್ಕು ಜನ ಕೂತು ಏರು ಸಿಕ್ಕರೆ ಇನ್ನೂ ಜೋರು. ಭದ್ರಾವತಿ ಕಡೆ ಸಪಾಟು ರಸ್ತೆಯಲ್ಲಿ ನಿಧಾನಕ್ಕೆ ಸ್ಪೀಡ್ ಏರಿಸಿದರೆ ಗೊತ್ತೇ ಆಗಲ್ಲ. ಒಂದು ಕಡೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಏನೂ ಬದಲಾಗಲಿಲ್ಲ. ಈಗ ಅವರೇ ನಾಲ್ಕೂ ಟಯರ್ ಬದಲಿಸಿ ಅನ್ನುತ್ತಿದ್ದಾರೆ. ಇನ್ನೊಬ್ಬರು ಎಂಜಿನ್ ಮೌಂಟಿಂಗ್ (ಎಂಜಿನ್ ಕೂರಿಸಿರುವ ರಬ್ಬರ್ ಹಿಡಿಕೆ) ಅನ್ನುತ್ತಾರೆ. ಯಾರನ್ನು ನಂಬಲಿ?

ಹೊಸನಗರ ಹುಡುಗ:
ಟಯರೇ ಅಣ್ಣ. ನಮ್ಮ ರಸ್ತೆಗಳಲ್ಲಿ ಇನ್ನೇನು ಹಾಳಾಗುತ್ತದೆ? ಗುಂಡಿಗೆ ಬಿದ್ದು ಒಳಗಿನ ತಂತಿ ಬಿಟ್ಟಿರುತ್ತದೆ. ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಭಾರ ಇಲ್ಲದೆ ತಿರುಗಿಸುತ್ತಾರೆ, ಅಲ್ಲಿ ಅದು ಗೊತ್ತಾಗಲ್ಲ.

ಸ್ಪ್ಯಾನರ್ ಶಿವಮೊಗ್ಗ:
ಟಯರ್ ಹಾಳಾದರೆ ಹಾಗೆ ಆಗುತ್ತದೆ, ಒಪ್ಪಿದೆ. ಆದರೆ ಟಯರಿಗೆ ನಿಮ್ಮ ಕಾಲು ಆಕ್ಸಿಲರೇಟರ್ ಮೇಲಿದೆಯೋ ಇಲ್ಲವೋ ಗೊತ್ತಿಲ್ಲ. 80ರಲ್ಲಿ ಬ್ಯಾಲೆನ್ಸ್ ತಪ್ಪಿದ ಚಕ್ರ ಕಾಲು ತೆಗೆದರೂ 80ರಲ್ಲೇ ನಡುಗುತ್ತದೆ. ಸ್ಟೇರಿಂಗ್ ಕೈಯಲ್ಲಿ ಕುಣಿಯುತ್ತದೆ. ಇವರದ್ದು ಕಾಲು ತೆಗೆದ ಕ್ಷಣ ನಿಲ್ಲುತ್ತಿದೆ. ಅಂದರೆ ಸ್ಪೀಡಿಗಿಂತ ಎಳೆತಕ್ಕೆ ಸೇರಿದ ತೊಂದರೆ. ಎಂಜಿನ್‌ನಿಂದ ಚಕ್ರಕ್ಕೆ ಬಲ ಹೋಗುವ ದಾರಿಯಲ್ಲೇ ಹುಡುಕಬೇಕು.

ಆದರೂ ಮೊದಲು ಒಂದು ಕೆಲಸ ಮಾಡಿ. ಚಕ್ರದ ನಟ್ ಎಲ್ಲಾ ಟೈಟಾಗಿದೆಯಾ ನೋಡಿ. ಟಯರಿನ ಪಕ್ಕದಲ್ಲಿ ಉಬ್ಬು ಬಂದಿದೆಯಾ ನೋಡಿ. ರಿಮ್ಮಿನ ಒಳಗಡೆ ಕೆಸರು ಒಣಗಿ ಕೂತಿದ್ದರೆ ಕೆರೆದು ತೆಗೆಯಿರಿ. ಕಾಸು ಖರ್ಚಿಲ್ಲ. ನಟ್ ಲೂಸಿದ್ದರೆ ಗಾಡಿ ಅಲ್ಲೇ ನಿಲ್ಲಿಸಬೇಕು.

ಆಗುಂಬೆ ಮಳೆ:
ಎಂಜಿನ್ ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಪೆಟ್ಟು ತಪ್ಪುವುದು, ಯಾಕಿರಬಾರದು? ನಮ್ಮ ಕಡೆ ಮಳೆಗಾಲದಲ್ಲಿ ಇಗ್ನಿಷನ್ ಕಾಯಿಲ್‌ಗೆ ತೇವ ಹಿಡಿದು ಮಿಸ್ಸಿಂಗ್ ಬರುವುದು ಮಾಮೂಲಿ. ಬಾನೆಟ್ ಒಳಗೆ ಇಲಿ ಸೇರಿ ವೈರ್ ಕಡಿಯುವುದೂ ಇದೆ. ಅದೂ ಲೋಡ್ ಬಿದ್ದಾಗಲೇ ಜಾಸ್ತಿ ಗೊತ್ತಾಗುವುದು. ಈಗಿನ ಎಥೆನಾಲ್ ಪೆಟ್ರೋಲ್ ಬೇರೆ.

ಭದ್ರಾವತಿ ಬೋಲ್ಟ್:
ಈಗ ಗಾಡಿಗೆ ನೆಗಡಿಯಾದರೂ ಎಥೆನಾಲ್ ಮೇಲೆ ಹಾಕುತ್ತಾರೆ 😄

ಆದರೆ ಮಿಸ್ಸಿಂಗ್ ಅನ್ನುವುದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಪರೀಕ್ಷೆ ಮಾಡಲು ಸುಲಭ ದಾರಿ ಇದೆ. ಖಾಲಿ ರಸ್ತೆಯಲ್ಲಿ ಅದೇ 70ರಲ್ಲಿ ಒಮ್ಮೆ ಮೂರನೇ ಗೇರಿನಲ್ಲಿ, ಒಮ್ಮೆ ನಾಲ್ಕನೇ ಗೇರಿನಲ್ಲಿ ಎಳೆಸಿ. ಗೇರ್ ಬದಲಾದರೆ ಎಂಜಿನ್ ಆರ್‌ಪಿಎಂ ಬದಲಾಗುತ್ತದೆ, ಚಕ್ರ ತಿರುಗುವ ವೇಗ ಬದಲಾಗಲ್ಲ. ಎರಡೂ ಗೇರಿನಲ್ಲಿ ನಡುಕ ಅದೇ 60-80ಕ್ಕೆ ಬಂದರೆ ಎಂಜಿನ್ ಕಡೆ ಅನುಮಾನ ಕಡಿಮೆ. ಬೇರೆ ಬೇರೆ ಸ್ಪೀಡಿಗೆ ಬಂದು, ಆರ್‌ಪಿಎಂ ಮಾತ್ರ ಹೆಚ್ಚು ಕಡಿಮೆ ಒಂದೇ ಇದ್ದರೆ ಎಂಜಿನ್ ಅಥವಾ ಮೌಂಟಿಂಗ್ ನೋಡಬೇಕು.

ಲೆಕ್ಕ ಬೇಕಾದವರಿಗೆ: ಚಕ್ರದ ವ್ಯಾಸ ಸುಮಾರು 60 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 80ರಲ್ಲಿ ಅದು ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಎಂಜಿನ್ 2,400 ಆರ್‌ಪಿಎಂನಲ್ಲಿದ್ದರೆ ಸೆಕೆಂಡಿಗೆ 40 ಸುತ್ತು. ಒಂದು ಸಿಲಿಂಡರ್ ಸತ್ತಿದ್ದರೆ ಎರಡು ಸುತ್ತಿಗೊಂದು ಪೆಟ್ಟು ತಪ್ಪುತ್ತದೆ, ಸೆಕೆಂಡಿಗೆ 20 ಸಲ. ಕೈಗೆ ಬರುವ ಅನುಭವವೇ ಬೇರೆ.

ಗಾಜನೂರು ಗಾಡಿ:
ನಟ್ ಎಲ್ಲಾ ಟೈಟಿದೆ. ಟಯರಿನಲ್ಲಿ ಉಬ್ಬು ಕಾಣಲಿಲ್ಲ. ಮೂರನೇ ಗೇರ್, ನಾಲ್ಕನೇ ಗೇರ್ ಎರಡರಲ್ಲೂ ನೋಡಿದೆ. ಎರಡರಲ್ಲೂ 60ರ ಆಸುಪಾಸಿಗೇ ಶುರು. ಎಂಜಿನ್ ಲೈಟ್ ಬಂದಿಲ್ಲ. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಓಬಿಡಿ ಸ್ಕ್ಯಾನರ್ ಹಾಕಿಸಿದೆ, ಯಾವ ಕೋಡೂ ಇಲ್ಲ. ನಿಂತಲ್ಲಿ ಎಂಜಿನ್ ನುಣ್ಣಗೆ ಓಡುತ್ತದೆ.

ಆಗುಂಬೆ ಮಳೆ:
ಕೋಡ್ ಇಲ್ಲ ಅಂದರೆ ಮಿಸ್ಸಿಂಗ್ ಇಲ್ಲ ಅಂತ ಅಲ್ಲ. ಸಣ್ಣ ಮಿಸ್ಸಿಂಗ್ ಕೋಡ್ ಬೀಳಿಸದೆಯೂ ಇರುತ್ತದೆ. ಆದರೆ ಎರಡು ಗೇರಿನಲ್ಲೂ ಒಂದೇ ಸ್ಪೀಡ್ ಅಂದರೆ ನನ್ನ ವಾದಕ್ಕೆ ಬಲ ಇಲ್ಲ, ಅದು ಹೌದು.

ರಿಪ್ಪನ್‌ಪೇಟೆ ಪಿಕಪ್:
ನಮ್ಮ ಪಿಕಪ್‌ನಲ್ಲಿ ಇದೇ ಥರ ಬಂದಿತ್ತು ಮಾರಾಯ್ರೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದ ಕಡೆಗೆ ಬಲ ಒಯ್ಯುವ ಉದ್ದನೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಅದರ ಜಾಯಿಂಟ್) ಹೋಗಿತ್ತು. ಅಡಿಕೆ ಮೂಟೆ ಹೇರಿದರೆ ಹಿಂದುಗಡೆ ಕೂತು ಶಾಫ್ಟಿನ ಕೋನ ಬದಲಾಗುತ್ತದೆ, ಆಗ ಬಡಿತ ಹೆಚ್ಚು. ಅದನ್ನು ನೋಡಿಸಿ.

ಸ್ಪ್ಯಾನರ್ ಶಿವಮೊಗ್ಗ:
ನಿಮ್ಮದು ಹಿಂದಿನ ಚಕ್ರ ಎಳೆಯುವ ಗಾಡಿ. ಇವರದ್ದು ಮುಂದಿನ ಚಕ್ರ ಎಳೆಯುವ ಹ್ಯಾಚ್‌ಬ್ಯಾಕ್. ಅದರಲ್ಲಿ ಪ್ರೊಪೆಲ್ಲರ್ ಶಾಫ್ಟೇ ಇಲ್ಲ. ಗೇರ್‌ಬಾಕ್ಸಿನಿಂದ ಎಡಕ್ಕೊಂದು ಬಲಕ್ಕೊಂದು ಡ್ರೈವ್ ಶಾಫ್ಟ್ ಇರುತ್ತದೆ. ನಾವು ಆಕ್ಸೆಲ್ ಅನ್ನುವುದು ಇದನ್ನೇ. ಒಂದೊಂದಕ್ಕೂ ಎರಡು ಜಾಯಿಂಟ್: ಚಕ್ರದ ಹತ್ತಿರ ಒಂದು, ಗೇರ್‌ಬಾಕ್ಸ್ ಹತ್ತಿರ ಒಂದು.

ಹೊರಗಿನ ಜಾಯಿಂಟ್ ಸವೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಎಳೆಸಿದರೆ ಟಕ್ ಟಕ್ ಟಕ್ ಅನ್ನುತ್ತದೆ. ಒಳಗಿನದ್ದು ಹಾಗಲ್ಲ, ಸದ್ದಿಲ್ಲದೆ ನಡುಗಿಸುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮೂರು ಕಾಲಿನ ಒಂದು ತುಂಡು, ತುದಿಗೆ ರೋಲರ್, ಅವು ಜಾರಲು ಒಂದು ಕಪ್ ಇರುತ್ತವೆ. ಸ್ಪ್ರಿಂಗ್ ಕುಗ್ಗಿ ಹಿಗ್ಗುವಾಗ ಶಾಫ್ಟ್ ಉದ್ದ ಸರಿಹೊಂದಲಿ ಅಂತ ರೋಲರ್ ಒಳಗೂ ಹೊರಗೂ ಜಾರಬೇಕು. ಕಪ್ಪಿನಲ್ಲಿ ಗುಳಿ ಬಿದ್ದರೆ ರೋಲರ್ ಸಿಕ್ಕಿಹಾಕಿಕೊಳ್ಳುತ್ತದೆ. ಜೋರಾಗಿ ಎಳೆಸಿದಾಗ ಗಾಡಿಯ ಮೂತಿ ಸ್ವಲ್ಪ ಮೇಲೇಳುತ್ತದೆ, ಜಾಯಿಂಟಿನ ಕೋನ ಹೆಚ್ಚುತ್ತದೆ, ಮೇಲೆ ಪೂರ್ತಿ ಬಲ ಬೀಳುತ್ತದೆ. ಒಂದು ಸುತ್ತಿಗೆ ಮೂರು ಸಲ ಎಡಬಲಕ್ಕೆ ತಳ್ಳುತ್ತದೆ. ಕಾಲು ತೆಗೆದರೆ ಬಲ ಇಲ್ಲ, ನಡುಕವೂ ಇಲ್ಲ. ನೀವು ಹೇಳಿದ "ಎಡಕ್ಕೂ ಬಲಕ್ಕೂ" ಅನ್ನುವುದೇ ನನಗೆ ದೊಡ್ಡ ಸುಳಿವು.

ಹೊಸನಗರ ಹುಡುಗ:
ಮತ್ತೆ ಎಂಜಿನ್ ಮೌಂಟಿಂಗ್? ಅದೂ ಎಳೆಸಿದಾಗ ತಾನೇ ನಡುಗುವುದು?

ಭದ್ರಾವತಿ ಬೋಲ್ಟ್:
ಮೌಂಟಿಂಗ್ ಹೋಗಿದ್ದರೆ ಗಾಡಿ ನಿಂತಿದ್ದಾಗಲೂ ಸ್ಟೇರಿಂಗ್‌ಗೆ ಸಣ್ಣ ನಡುಕ ಬರುತ್ತದೆ. ಕ್ಲಚ್ ಬಿಡುವಾಗ, ಗೇರ್ ಬದಲಿಸುವಾಗ ದಡ್ ಅನ್ನುತ್ತದೆ. 60ಕ್ಕೆ ಶುರುವಾಗಿ 80ಕ್ಕೆ ನಿಲ್ಲುವುದು ಅದರ ಸ್ವಭಾವ ಅಲ್ಲ. ಕ್ಲಚ್ ಪ್ಲೇಟ್ ಅನ್ನುವವರು ಬರುವ ಮೊದಲೇ ಹೇಳಿಬಿಡುತ್ತೇನೆ: ಅದು ನಿಂತಲ್ಲಿಂದ ಹೊರಡುವಾಗ ಅದುರಿಸುತ್ತದೆ.

ಈ ನಾಲ್ಕು ಟಯರ್ ಸಲಹೆ ನೋಡಿ ನನಗೆ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಆಗುಂಬೆ ಮಳೆ:
ಒಂದು ಸಲ ಸ್ಪೀಡಿನಲ್ಲಿ ನ್ಯೂಟ್ರಲ್ ಮಾಡಿ ನೋಡಿದರೆ ಇನ್ನೂ ಖಚಿತ ಆಗುತ್ತದಲ್ವಾ?

ಸ್ಪ್ಯಾನರ್ ಶಿವಮೊಗ್ಗ:
ಬೇಡ. ಕಾಲು ತೆಗೆದಾಗ ನಿಲ್ಲುತ್ತದೆ ಅಂತ ಆಗಲೇ ಗೊತ್ತಾಗಿದೆ. ಇಲ್ಲಿ ಓದಿದ ಯಾರಾದರೂ ಆಗುಂಬೆ ಘಾಟಿಯಲ್ಲೋ ಹುಲಿಕಲ್‌ನಲ್ಲೋ ಇಳಿಯುವಾಗ ನ್ಯೂಟ್ರಲ್ ಮಾಡಿಬಿಟ್ಟಾರು. ಎಂಜಿನ್ ಹಿಡಿತ ತಪ್ಪಿದರೆ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಆ ತಿರುವುಗಳಲ್ಲಿ ದೇವರೇ ಗತಿ.

ಗಾಜನೂರಿನವರೇ, ಗಾಡಿ ಲಿಫ್ಟ್ ಮೇಲೆ ಏರಿಸಿ ಒಳಗಿನ ಜಾಯಿಂಟಿನ ರಬ್ಬರ್ ಬೂಟ್, ಅಂದರೆ ಗ್ರೀಸ್ ಹಿಡಿದಿಡುವ ಹೊದಿಕೆ, ನೋಡಿಸಿ. ಅದು ಗೇರ್‌ಬಾಕ್ಸ್ ಪಕ್ಕ ಮರೆಯಲ್ಲಿರುವುದರಿಂದ ಯಾರೂ ಬಗ್ಗಿ ನೋಡಲ್ಲ. ಸುತ್ತ ಗ್ರೀಸ್ ಎರಚಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಬೂಟ್ ಚೆನ್ನಾಗಿದೆ ಅಂತ ಮಾತ್ರ ಬಿಡಬೇಡಿ, ಒಳಗೆ ಸವೆದಿರಬಹುದು. ಬಿಚ್ಚಿಯೇ ನೋಡಬೇಕು.

ಗಾಜನೂರು ಗಾಡಿ:
ಸಾಗರ ರಸ್ತೆ ಕಡೆ ಒಬ್ಬರ ಹತ್ತಿರ ಲಿಫ್ಟ್ ಮೇಲೆ ಹಾಕಿಸಿದೆ. ಎಡಗಡೆ ಒಳಗಿನ ಬೂಟಿನ ಕ್ಲಿಪ್ ಬಿಟ್ಟಿದೆ. ಗ್ರೀಸ್ ಎಲ್ಲಾ ಹೊರಗೆ, ಒಳಗೆ ಕೆಂಪು ಮಣ್ಣು. ಕಪ್ಪಿನಲ್ಲಿ ರೋಲರ್ ಜಾರುವ ಜಾಗಕ್ಕೆ ಬೆರಳಿಟ್ಟರೆ ಗುಳಿ ಸಿಗುತ್ತದೆ. ಸದ್ಯಕ್ಕೆ ತೊಳೆದು ಹೊಸ ಗ್ರೀಸ್ ತುಂಬಿ ಬೂಟ್ ಹಾಕಿಕೊಡಲಾ ಅಂತ ಕೇಳುತ್ತಿದ್ದಾರೆ.

ರಿಪ್ಪನ್‌ಪೇಟೆ ಪಿಕಪ್:
ಗ್ರೀಸ್ ಸಾಕು. ಇನ್ನೊಂದು ವರ್ಷ ಓಡುತ್ತದೆ.

ಭದ್ರಾವತಿ ಬೋಲ್ಟ್:
ಸವೆದ ಕಬ್ಬಿಣ ಗ್ರೀಸಿನಿಂದ ತುಂಬಿಕೊಳ್ಳುತ್ತದಾ? ಕೆಲವು ದಿನ ನಡುಕ ಕಡಿಮೆಯಾದ ಹಾಗೆ ಅನ್ನಿಸಬಹುದು, ಅಷ್ಟೇ. ಬೂಟ್ ಹರಿದ ಹೊಸದರಲ್ಲೇ ಸಿಕ್ಕಿದ್ದರೆ ಗ್ರೀಸ್ ಸಾಕಿತ್ತು. ಪೂರ್ತಿ ಶಾಫ್ಟ್ ಬದಲಿಸಿ.

ಸ್ಪ್ಯಾನರ್ ಶಿವಮೊಗ್ಗ:
ಪೂರ್ತಿ ಶಾಫ್ಟ್ ಯಾಕೆ? ಹೊರಗಿನ ಜಾಯಿಂಟ್ ಸರಿ ಇದ್ದರೆ ಒಳಗಿನ ಕಪ್, ರೋಲರ್ ಎರಡನ್ನೂ ಸೆಟ್ ಆಗಿ ಹಾಕಿಸಿ. ಹೊಸ ರೋಲರ್ ಹಳೇ ಕಪ್ಪಿಗೆ ಬೇಡ. ಒಳಗಿನದ್ದು ಬಿಡಿಯಾಗಿ ಸಿಗದಿದ್ದರೆ ಆಗ ಶಾಫ್ಟ್. ಅಗ್ಗ ಅಂತ ಹೆಸರಿಲ್ಲದ ಶಾಫ್ಟ್ ತಂದರೆ ಅದೇ ಮೊದಲ ದಿನದಿಂದ ನಡುಗಬಹುದು. ಶಾಫ್ಟ್ ತುದಿಯ ಹಲ್ಲಿನ ಎಣಿಕೆ ಹಳೆಯದರ ಜೊತೆ ಇಟ್ಟು ನೋಡಿಯೇ ತನ್ನಿ. ಶಾಫ್ಟ್ ಎಳೆದಾಗ ಗೇರ್ ಆಯಿಲ್ ಸುರಿಯುತ್ತದೆ, ಆಯಿಲ್ ಸೀಲೂ ಹೊಸದು ಹಾಕಿಸಿ, ಆಯಿಲ್ ಮಟ್ಟ ಸರಿ ಮಾಡಿಸಿ.

ಗಾಜನೂರು ಗಾಡಿ:
ಸೆಟ್ ಸಿಗುತ್ತದಂತೆ, ಬರಲು ಎರಡು ದಿನ. ಗ್ರೀಸ್ ಬೇಡ ಅಂದೆ. ಟಯರ್ ದುಡ್ಡು ಉಳಿಯಿತು.

ಹೊಸನಗರ ಹುಡುಗ:
ನನ್ನ ಗಾಡಿ ಬ್ರೇಕ್ ಹಿಡಿದಾಗ ನಡುಗುತ್ತದೆ. ಇದೂ ಆಕ್ಸೆಲ್ಲಾ?

ಸ್ಪ್ಯಾನರ್ ಶಿವಮೊಗ್ಗ:
ಅಲ್ಲ ತಮ್ಮಾ, ಅದಕ್ಕೆ ಬ್ರೇಕ್ ಡಿಸ್ಕ್ ನೋಡಿಸು. ಗಾಡಿ ಯಾವುದು, ಎಷ್ಟು ಓಡಿದೆ ಅಂತ ಬರೆದು ಬೇರೆ ಪೋಸ್ಟ್ ಹಾಕು.