‘ನಮ್ಮ ಹೋಬಿ’ ಗುಂಪು: ಕೇಳದೆ ರಿವೆಟ್ ತೆಗೆದದ್ದು ಸರಿಯೇ?

ಮಂಗಳವಾರ ರಾತ್ರಿ

ಶ್ರೀಧರ: ವನಜಕ್ಕ, ರಘು, ಈಗ ಹಾಕಿದ ವಿಡಿಯೋವನ್ನು ದಯವಿಟ್ಟು ಕೊನೆಯವರೆಗೆ ನೋಡಿ. ಸ್ಯಾನ್ ಡಿಯಾಗೋದ ಮಿಷನ್ ಬೇ ಮರಳಿನ ಮೇಲೆ ನಿಂತಿರುವುದು ನಮ್ಮ ಎರಡು ಒಡಲಿನ ಹಾಯಿದೋಣಿ, ಹೋಬಿ 16. ಎಡ ಒಡಲಿನ ಮೂತಿಯನ್ನು ನಾನು ಎತ್ತುತ್ತಿದ್ದೇನೆ. ನನ್ನ ಮೊಣಕಾಲಿನ ಮಟ್ಟಕ್ಕೆ ಬಂದರೂ ಬಲ ಒಡಲಿನ ಮೂತಿ ಮರಳು ಬಿಟ್ಟು ಏಳುವುದಿಲ್ಲ. ಎರಡು ಒಡಲನ್ನೂ ಕೂಡಿಸುವ ಚೌಕಟ್ಟು ಗಟ್ಟಿಯಾಗಿದ್ದರೆ ಒಂದು ಎದ್ದ ಸ್ವಲ್ಪದರಲ್ಲೇ ಇನ್ನೊಂದೂ ಏಳಬೇಕು.

ರಘು: ಅಣ್ಣಾ, ಅದು 1984ರ ದೋಣಿ. ಅಷ್ಟು ಅಲ್ಲಾಡುವುದು ಸಹಜ. ಮೆಮೋರಿಯಲ್ ಡೇ ರಜೆಯ ವಾರಾಂತ್ಯಕ್ಕೆ ಹತ್ತೇ ದಿನ ಉಳಿದಿದೆ, ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಸೋಡಾ ಡಬ್ಬಿ ಕತ್ತರಿಸಿ ಆ ತಗಡನ್ನು ಸಂದಿಗೆ ತುರುಕಿ, ಮೂಲೆಗೆ ಎರಡೆರಡು ಹೊಸ ರಿವೆಟ್ ಹೊಡೆದರೆ ಈ ವರ್ಷ ಕಳೆಯುತ್ತದೆ. ಎಷ್ಟೋ ಜನ ಹಾಗೆಯೇ ಓಡಿಸುತ್ತಿದ್ದಾರೆ.

ಶ್ರೀಧರ: ರಿವೆಟ್ ಹೊಡೆಯುವ ಮೊದಲು ಈ ಫೋಟೋ ನೋಡು. ಮುಂದಿನ ಎಡ ಮೂಲೆಯಿಂದ ಒಂದು ರಿವೆಟ್ಟನ್ನು ಇವತ್ತು ಕೊರೆದು ತೆಗೆದೆ. ಅದರ ತಲೆಯ ಸುತ್ತ ಕಪ್ಪು ಬೂದಿಯಂಥ ಗೆರೆ ಇಳಿದಿತ್ತು. ಒರೆಸಿದರೆ ಬೆರಳಿಗೆ ಪೆನ್ಸಿಲ್ ಸೀಸದ ಹಾಗೆ ಅಂಟಿತು. ಅಲ್ಯುಮಿನಿಯಂ ಅಲ್ಯುಮಿನಿಯಮ್ಮನ್ನು ಉಜ್ಜಿ ಉಜ್ಜಿ ಉದುರಿದ ಪುಡಿ ಅದು. ಒಳಗೆ ತೂತು ದುಂಡಗಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿದೆ. ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗ ದಪ್ಪದ ರಿವೆಟ್ ಅಲ್ಲಿ ಏನನ್ನೂ ಹಿಡಿದಿರಲಿಲ್ಲ.

ವನಜಕ್ಕ: ಶ್ರೀಧರಾ, ಇದು ಮೂವರೂ ಹಣ ಹಾಕಿ ಕೊಂಡ ದೋಣಿ. ಕೊರೆಯುವ ಮೊದಲು ಕೇಳಬೇಕು ಎಂದು ನಿನಗೆ ಅನ್ನಿಸಲಿಲ್ಲವೇ? ಹೋದ ಸಲ ಹಾಯಿ ಬದಲಿಸುವಾಗಲೂ ಮಾಡಿ ಮುಗಿಸಿದ ಮೇಲೆ ಹೇಳಿದೆ. ದೋಣಿ ನಿನ್ನ ಮನೆಯ ಹತ್ತಿರ ಇದೆ ಎಂದ ಮಾತ್ರಕ್ಕೆ ನಿನ್ನೊಬ್ಬನದಾಗುವುದಿಲ್ಲ.

ಶ್ರೀಧರ: ತಪ್ಪಾಯಿತು ಅಕ್ಕ. ಒಂದೇ ಒಂದು ರಿವೆಟ್ ತೆಗೆದಿದ್ದೇನೆ. ನಿಮ್ಮಿಬ್ಬರ ಒಪ್ಪಿಗೆ ಇಲ್ಲದೆ ಇನ್ನೊಂದನ್ನು ಮುಟ್ಟುವುದಿಲ್ಲ.

ಬುಧವಾರ

ವನಜಕ್ಕ: ಕೋಪ ಇಳಿದಿದೆ. ಆದರೆ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಈಗ ಕೆಲಸದ ವಿಷಯ. ಕಳೆದ ತಿಂಗಳು ಅನಿರುದ್ಧ ಬಂದು ಹೇಳಿದ್ದ: ಪ್ರತಿ ಅಲೆಗೂ ಕಾಲ ಕೆಳಗೆ ‘ಟಕ್ ಟಕ್’ ಎಂದು ಹೊಡೆಯುತ್ತದೆ, ಗಾಳಿಗೆ ಎದುರಾಗಿ ಹೋಗುವಾಗ ಎರಡು ಒಡಲೂ ಬೇರೆ ಬೇರೆ ಕಡೆ ನೋಡುತ್ತವೆ ಎಂದು. ಅದು ಇದೇನಾ?

ಶ್ರೀಧರ: ಇದೇ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ. ಹೋಬಿ ಆಲ್ಟರ್ ಮೂಲತಃ ಸರ್ಫ್ ಹಲಗೆ ಮಾಡುತ್ತಿದ್ದವರು. ಇಲ್ಲೇ ನಮ್ಮ ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ, 1960ರ ದಶಕದ ಕೊನೆಯಲ್ಲಿ, ಮರಳಿನಿಂದ ನೇರವಾಗಿ ಅಲೆಗೆ ಇಳಿಸುವ ದೋಣಿ ಬೇಕೆಂದು ಮೊದಲು 14 ಅಡಿಯದನ್ನು, ಆಮೇಲೆ ನಮ್ಮ 16ನ್ನು ಮಾಡಿದರು. ಮರಳಿಗೆ ತಾಗಿ ಮುರಿಯಬಾರದೆಂದು ನೀರಿಗೆ ಇಳಿಬಿಡುವ ನಡುಹಲಗೆಯನ್ನೇ ಇಡಲಿಲ್ಲ. ಅದರ ಕೆಲಸವನ್ನು ಒಡಲಿನ ಆಕಾರಕ್ಕೇ ವಹಿಸಿದರು. ಪ್ರತಿ ಒಡಲಿನ ಹೊರಮೈ ಚಪ್ಪಟೆ, ಒಳಮೈ ಉಬ್ಬು. ದೋಣಿ ಪಕ್ಕಕ್ಕೆ ಜಾರದೆ ಗಾಳಿಗೆ ಎದುರಾಗಿ ಏರುವುದು ಆ ಉಬ್ಬಿನ ಬಲದಿಂದ. ಎರಡೂ ಒಡಲು ಒಂದೇ ದಿಕ್ಕಿಗೆ ನೇರವಾಗಿದ್ದರೆ ಮಾತ್ರ ಆ ಬಲ ಸಿಗುತ್ತದೆ. ಅವನ್ನು ನೇರವಾಗಿ ಹಿಡಿದಿಡಲು ಇರುವುದು ನಾಲ್ಕು ಪೈಪು, ನಾಲ್ಕು ಮೂಲೆಯ ಎರಕ, ಒಡಲಿನಿಂದ ಎದ್ದ ನಾಲ್ಕು ಗಿಡ್ಡ ಕಂಬ, ಇಷ್ಟೇ. ಮೂಲೆಗೆ ಎರಡು ಪೈಪು, ಒಂದು ಕಂಬ. ಒಟ್ಟು ಹನ್ನೆರಡು ಕೂಡು. ಒಂದೊಂದು ಕೂದಲೆಳೆಯಷ್ಟು ಸಡಿಲವಾದರೂ ಮೂತಿಗೆ ಬರುವ ಹೊತ್ತಿಗೆ ಎಲ್ಲ ಸೇರಿ ಮೊಣಕಾಲಿನವರೆಗೆ ಆಗುತ್ತದೆ.

ರಘು: ಎಲ್ಲವನ್ನೂ ಎಪಾಕ್ಸಿ ಹಾಕಿ ಅಂಟಿಸುವುದು ನಿಮ್ಮ ಯೋಜನೆ ಎಂದು ಗೊತ್ತು ಅಣ್ಣಾ. ನನ್ನ ತಕರಾರು ಅಲ್ಲೇ ಇರುವುದು. ಅಂಟಿಸಿದ ಮೇಲೆ ಬಿಚ್ಚಲಾಗುವುದಿಲ್ಲ. ವನಜಕ್ಕನ ಊರು ಫೀನಿಕ್ಸ್‌ಗೆ ಒಯ್ಯುವುದು ಹೇಗೆ? ನಾಳೆ ಒಂದು ಪೈಪು ಬಗ್ಗಿದರೆ? ಅದೂ ಅಲ್ಲದೆ ದೋಣಿ ವಿನ್ಯಾಸಕ ಜೇಮ್ಸ್ ವಾರ್ರಮ್ ಅವರ ಜೋಡಿ ಒಡಲಿನ ಕ್ಯಾಟಮರಾನ್‌ಗಳಲ್ಲಿ ಅಡ್ಡತೊಲೆಗಳನ್ನು ಹಗ್ಗದಲ್ಲೇ ಕಟ್ಟುತ್ತಾರೆ, ಅವು ಸಾಗರಗಳನ್ನೇ ದಾಟಿವೆ. ಬಾಗುವುದು ದೋಷವಲ್ಲ. ಚಿಕ್ಕಪ್ಪ ಊರಿನಲ್ಲಿ ಇಡೀ ಜೀವನ ದೋಣಿಯ ಕೆಲಸ ಮಾಡಿದವರು. ಅವರನ್ನೇ ಕೇಳೋಣ. ಚಿಕ್ಕಪ್ಪ, ನೀವು ಹೇಳಿ. ದೋಣಿ ಸ್ವಲ್ಪ ಬಾಗಬೇಕು ತಾನೇ?

ಚಿಕ್ಕಪ್ಪ (ಗಂಗೊಳ್ಳಿ): ಬಾಗಬೇಕು ರಘು. ನನ್ನ ತಂದೆಯ ಕಾಲದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದ ದೋಣಿಗಳಿದ್ದವು. ಅಲೆಗೆ ಬಿದ್ದಾಗ ಮೈ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು.

ರಘು: ನೋಡಿದಿರಾ ಅಣ್ಣಾ?

ಶ್ರೀಧರ: ಚಿಕ್ಕಪ್ಪನ ಮಾತು ಇನ್ನೂ ಮುಗಿದಿಲ್ಲ ಎಂದು ಕಾಣುತ್ತದೆ.

ಚಿಕ್ಕಪ್ಪ: ಮುಗಿದಿಲ್ಲ, ಕನ್ನಡಕ ಹುಡುಕುತ್ತಿದ್ದೆ. ರಘು, ಬಾಗುವುದು ಬೇರೆ, ಸಡಿಲವಾಗುವುದು ಬೇರೆ. ಹೊಲಿದ ದೋಣಿಯಲ್ಲಿ ಹುರಿ ಸಡಿಲವಾದ ಜಾಗವನ್ನು ಹಿರಿಯರು ಹಾಗೇ ಬಿಡುತ್ತಿರಲಿಲ್ಲ. ಬಿಚ್ಚಿ, ಹೊಸ ಹುರಿ ಏರಿಸಿ, ಕೋಲು ಹಾಕಿ ಎಳೆದು ಕಟ್ಟುತ್ತಿದ್ದರು. ಬಿಗಿಯಾಗಿ ಕಟ್ಟಿದ ಹುರಿ ಬಾಗುತ್ತದೆ, ಆದರೆ ಒಂದು ಹಲಗೆ ಇನ್ನೊಂದನ್ನು ಗುದ್ದುವುದಿಲ್ಲ. ಗುದ್ದಲು ತೊಡಗಿದರೆ ತೂತು ದೊಡ್ಡದಾಗುತ್ತದೆ, ತೂತು ದೊಡ್ಡದಾದರೆ ಗುದ್ದು ಹೆಚ್ಚುತ್ತದೆ. ತಮಿಳುನಾಡಿನ ಕಟ್ಟುಮರವನ್ನೂ ಹಾಗೆಯೇ ನೋಡಿಕೊಳ್ಳುತ್ತಿದ್ದರು. ದಡಕ್ಕೆ ಬಂದ ಮೇಲೆ ದಿಮ್ಮಿಗಳನ್ನು ಬಿಚ್ಚಿ ಒಣಗಿಸಿ, ಮತ್ತೆ ಬಿಗಿಯಾಗಿ ಕಟ್ಟಿ ಇಳಿಸುವುದು. ನಿಮ್ಮ ದೋಣಿಯ ಜಾತಿಗೆ ಕ್ಯಾಟಮರಾನ್ ಎಂಬ ಹೆಸರು ಬಂದದ್ದೇ ಆ ‘ಕಟ್ಟು’ ಎಂಬ ಮಾತಿನಿಂದ. ಶ್ರೀಧರ ಕಳುಹಿಸಿದ ತೂತಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅದು ಗುದ್ದಿದ ತೂತು.

ರಘು: ಸರಿ ಚಿಕ್ಕಪ್ಪ. ಆ ಮಾತು ಒಪ್ಪಿದೆ. ಆದರೂ ಶಾಶ್ವತವಾಗಿ ಅಂಟಿಸುವುದಕ್ಕೆ ನನ್ನ ವಿರೋಧ ಹಾಗೆಯೇ ಇದೆ.

ಶ್ರೀಧರ: ನಿನ್ನ ವಿರೋಧಕ್ಕೆ ಅರ್ಥವಿದೆ, ಅದಕ್ಕೇ ಉತ್ತರಿಸುತ್ತೇನೆ. ನಾಲ್ಕು ಪೈಪು, ನಾಲ್ಕು ಎರಕ ಸೇರಿದ ಚೌಕಟ್ಟನ್ನು ಮಾತ್ರ ಅಂಟಿಸೋಣ. ಒಡಲಿನ ಕಂಬ ಎರಕದೊಳಗೆ ಕೂರುವ ಜಾಗವನ್ನು ಅಂಟಿಸುವುದಿಲ್ಲ. ಅಲ್ಲಿ ಕಂಬಕ್ಕೆ ಮೇಣ ಸವರಿ, ಎರಕದ ಒಳಗೋಡೆಗೆ ಗಟ್ಟಿ ಎಪಾಕ್ಸಿ ಮೆತ್ತಿ ಕೂರಿಸಿದರೆ ಕಂಬದ ಅಚ್ಚಿಗೆ ಸರಿಯಾಗಿ ಸಂದು ತುಂಬುತ್ತದೆ. ಬೋಲ್ಟ್ ಬಿಚ್ಚಿದರೆ ಒಡಲು ಕಳಚಿ ಬರುತ್ತದೆ. ಸೋಡಾ ಡಬ್ಬಿಯ ತಗಡಿನ ಕೆಲಸವನ್ನೇ ಇದು ಮಾಡುತ್ತದೆ, ತಗಡಿನ ಹಾಗೆ ನಾಲ್ಕು ಸಲ ಓಡಿಸುವಷ್ಟರಲ್ಲಿ ಸವೆದು ಜಾರುವುದಿಲ್ಲ. ಇನ್ನು ಫೀನಿಕ್ಸ್ ವಿಷಯ: ದೋಣಿಯ ಅಗಲ 7 ಅಡಿ 11 ಇಂಚು. ರಸ್ತೆಯಲ್ಲಿ ಎಳೆದೊಯ್ಯಲು 8 ಅಡಿ 6 ಇಂಚಿನವರೆಗೆ ಅವಕಾಶವಿದೆ. ಇಷ್ಟು ವರ್ಷ ಎಲ್ಲಿಗೂ ನಾವು ಚೌಕಟ್ಟು ಬಿಚ್ಚಿ ಒಯ್ದದ್ದಿಲ್ಲ. ಪೈಪು ಬಗ್ಗಿದರೆ ಆ ಮೂಲೆಗೆ ಶಾಖ ಕೊಟ್ಟರೆ ಎಪಾಕ್ಸಿ ಮೆತ್ತಗಾಗುತ್ತದೆ. ಸಮಯ ಹಿಡಿಯುತ್ತದೆ, ಆದರೆ ಬಿಚ್ಚಬಹುದು.

ಮೂಲೆಗೆ ಹೊಸ ತೂತು ಕೊರೆಯುವುದಕ್ಕೆ ಮಾತ್ರ ನಾನು ಖಂಡಿತ ಒಪ್ಪುವುದಿಲ್ಲ. ಹಾಯಿಕಂಬ ನಿಂತಿರುವುದು ಮುಂದಿನ ಅಡ್ಡಪೈಪಿನ ಮೇಲೆ. ಆ ಪೈಪಿನ ತುದಿಯನ್ನು ಜರಡಿ ಮಾಡಿ ಮಕ್ಕಳನ್ನು ಅದರ ಮೇಲೆ ಕೂರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ ರಘು.

ವನಜಕ್ಕ: ಒಂದು ಪ್ರಶ್ನೆ. ಚೌಕಟ್ಟನ್ನು ಬಿಗಿ ಮಾಡುತ್ತೀಯ. ಕಂಬ ನಾಟಿರುವ ಒಡಲೇ ಒಳಗೆ ಮೆತ್ತಗಾಗಿದ್ದರೆ? ನಲವತ್ತು ವರ್ಷದ ಫೈಬರ್. ಅದನ್ನು ನೋಡಿದ್ದೀಯಾ?

(ಎರಡು ಗಂಟೆ ಗುಂಪಿನಲ್ಲಿ ಯಾರೂ ಬರೆಯಲಿಲ್ಲ.)

ಶ್ರೀಧರ: ನೋಡಿರಲಿಲ್ಲ ಅಕ್ಕ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದೇ ಆಗಿತ್ತು. ಈಗ ಹೋಗಿ ನೋಡಿ ಬಂದೆ. ಪ್ರತಿ ಕಂಬದ ಸುತ್ತ ಒಂದು ಅಂಗೈ ಅಗಲದಷ್ಟು ಜಾಗವನ್ನು ನಾಣ್ಯದಿಂದ ತಟ್ಟಿದೆ. ಮೂರು ಕಡೆ ‘ಟಿಣ್ ಟಿಣ್’ ಎಂದು ಗಟ್ಟಿ ಸದ್ದು. ಹೆಬ್ಬೆರಳಿನಿಂದ ಒತ್ತಿದರೂ ಕುಗ್ಗಲಿಲ್ಲ. ಬಲ ಹಿಂದಿನ ಕಂಬದ ಒಳಬದಿಯಲ್ಲಿ ಮಾತ್ರ ಎರಡು ಬೆರಳಿನಷ್ಟು ಜಾಗದಲ್ಲಿ ಸದ್ದು ಮಂಕಾಗಿದೆ. ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿದ್ದೇನೆ, ಫೋಟೋ ಕೆಳಗಿದೆ.

ಚಿಕ್ಕಪ್ಪ: ಮೊದಲು ಅದನ್ನು ಸರಿ ಮಾಡಿ. ಬೇರು ಅಲ್ಲಾಡುವಾಗ ಕೊಂಬೆಗೆ ಕಟ್ಟು ಹಾಕಿ ಏನು ಪ್ರಯೋಜನ?

ವನಜಕ್ಕ: ಹಾಗಾದರೆ ನನ್ನ ಮಾತು ಇಷ್ಟು. ಮೆಮೋರಿಯಲ್ ಡೇಗೆ ದೋಣಿ ಇಳಿಯುವುದಿಲ್ಲ. ರಘು, ಮಕ್ಕಳಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ನಿನ್ನ ಮೇಲೆ ಹೊರಿಸುವುದಿಲ್ಲ. ಖರ್ಚು ಮೂವರಿಗೂ ಸಮ. ಶ್ರೀಧರಾ, ಯಾವ ಕೆಲಸವನ್ನೂ ನೀನು ಒಬ್ಬನೇ ಮಾಡಬಾರದು.

ಗುರುವಾರ

ರಘು: ರಾತ್ರಿ ಯೋಚಿಸಿದೆ. ವಾರಾಂತ್ಯ ಹೋಯಿತು ಎಂಬ ಬೇಸರ ಇದ್ದೇ ಇದೆ. ಆದರೆ ಆ ಮೊಟ್ಟೆಯಾಕಾರದ ತೂತು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಶನಿವಾರ ಬೆಳಿಗ್ಗೆ ಅರ್ವೈನ್‌ನಿಂದ ಹೊರಟು ಒಂಬತ್ತಕ್ಕೆ ಅಲ್ಲಿರುತ್ತೇನೆ. ಡ್ರಿಲ್, ಪಂಚ್, ರಿವೆಟ್ ಗನ್ ತರುತ್ತೇನೆ. ಉಕ್ಕಿನ ರಿವೆಟ್ ಕೊರೆಯುವಾಗ ಬಿಟ್ ಜೊತೆ ತಲೆಯೂ ತಿರುಗುತ್ತದೆ. ಅಣ್ಣಾ, ಇಕ್ಕಳದಲ್ಲಿ ನೀವು ಹಿಡಿಯಬೇಕು. ಎಪಾಕ್ಸಿ ಯಾವಾಗ?

ಶ್ರೀಧರ: ಮೆತ್ತಗಾದ ಜಾಗ ತುಂಬಿ ಗಟ್ಟಿಯಾದ ಮೇಲೆ, ಅಂದರೆ ಅದರ ಮುಂದಿನ ಶನಿವಾರ. ಪೈಪಿನ ತುದಿ, ಎರಕದ ಒಳಮೈ ಎರಡನ್ನೂ 80ನೇ ನಂಬರಿನ ಒರಟು ಮರಳು ಕಾಗದದಿಂದ ತಿಕ್ಕಿ ಅಸಿಟೋನ್‌ನಿಂದ ಒರೆಸಬೇಕು. ಅಲ್ಯುಮಿನಿಯಂ ತಿಕ್ಕಿದ ಕ್ಷಣದಿಂದಲೇ ಮತ್ತೆ ಪೊರೆ ಕಟ್ಟಲು ಶುರುವಾಗುತ್ತದೆ. ಆದ್ದರಿಂದ ಎಪಾಕ್ಸಿ ಸವರಿದ ಮೇಲೂ ಹಸಿಯಲ್ಲೇ ಇನ್ನೊಂದು ಸಲ ತಿಕ್ಕೋಣ. ಕೂಡಿಸಿದ ಚೌಕಟ್ಟನ್ನು ಹಸಿಯಾಗಿರುವಾಗಲೇ ಒಡಲಿನ ಮೇಲೆ ಕೂರಿಸಬೇಕು. ನೆಲದ ಮೇಲೆ ಗಟ್ಟಿಯಾಗಲು ಬಿಟ್ಟು ಆಮೇಲೆ ಏರಿಸಿದರೆ ನಾಲ್ಕು ಕಂಬಕ್ಕೂ ಒಟ್ಟಿಗೆ ಕೂರುವುದು ಕಷ್ಟ. ಆಮೇಲೆ ನಾಲ್ಕು ದಿನ ಯಾರೂ ಮುಟ್ಟುವುದು ಬೇಡ.

ರಘು: ಹಸಿಯಲ್ಲಿ ಮೂಲೆ ಓರೆಯಾದರೆ ಜೀವನಪೂರ್ತಿ ಓರೆ. ಅಳತೆ ಯಾರು ನೋಡುತ್ತಾರೆ?

ವನಜಕ್ಕ: ನಾನು ನೋಡುತ್ತೇನೆ. ಆ ಶನಿವಾರ ನಾನೂ ಅನಿರುದ್ಧನೂ ಬರುತ್ತೇವೆ. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ಒಂದು ಅಳತೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಇನ್ನೊಂದು. ಎರಡೂ ಒಂದೇ ಆಗುವವರೆಗೆ ಯಾರೂ ಊಟಕ್ಕೆ ಏಳುವಂತಿಲ್ಲ. ಈಗಿನ ಅಳತೆ ಎಷ್ಟಿದೆ ಎಂದು ಇವತ್ತೇ ಕಳುಹಿಸು ಶ್ರೀಧರಾ.

ಶ್ರೀಧರ: ಟೇಪ್ ಹಿಡಿಯಲು ಇನ್ನೊಬ್ಬರು ಬೇಕು. ಪಕ್ಕದ ದೋಣಿಯವರು ಐದಕ್ಕೆ ಬರುತ್ತಾರೆ, ಆಗ ತೆಗೆದು ಹಾಕುತ್ತೇನೆ.

ಶ್ರೀಧರ: ತೆಗೆದೆವು. ಎರಡು ಅಳತೆಗೂ ಮುಕ್ಕಾಲು ಇಂಚು ವ್ಯತ್ಯಾಸ. ಎಡ ಒಡಲನ್ನು ಭುಜದಿಂದ ತಳ್ಳಿ ಮತ್ತೆ ಅಳೆದಾಗ ಅರ್ಧ ಇಂಚಾಯಿತು.

ಚಿಕ್ಕಪ್ಪ: ತಳ್ಳಿದ್ದಕ್ಕೇ ಅಳತೆ ಬದಲಾಯಿತೇ? ಆ ಎರಡೂ ಸಂಖ್ಯೆಗಳನ್ನು ಬರೆದಿಡು. ಕೆಲಸ ಮುಗಿದ ಮೇಲೆ ಅದೇ ಜಾಗಕ್ಕೆ ಭುಜ ಕೊಟ್ಟು ತಳ್ಳಿ ಅಳೆದು ನನಗೆ ತಿಳಿಸು.