ಹಕ್ಕಿಗೆ ಹಾಕಿದ ಕಾಳಿಗೆ ಇಲಿ ಬರುತ್ತಿವೆ, ನಿಮ್ಮ ಅನುಭವ ಹೇಳಿ

ಹಿಂದವಾಡಿ, ಬೆಳಗಾವಿ – ಪ್ರಶ್ನೆ

ಎರಡು ವರ್ಷದಿಂದ ಹಿತ್ತಲಲ್ಲಿ ಗುಬ್ಬಿಗಳಿಗೆ ಅಕ್ಕಿ ನುಚ್ಚು, ಸಜ್ಜೆ ಹಾಕುತ್ತಿದ್ದೇನೆ. ಪೇರಲ ಗಿಡಕ್ಕೆ ಮಣ್ಣಿನ ತಟ್ಟೆ ಕಟ್ಟಿದ್ದೇನೆ. ಈ ಮಳೆಗಾಲದಲ್ಲಿ ಇಲಿ ಶುರುವಾಗಿವೆ. ಮೊನ್ನೆ ಸಂಜೆ ಒಂದು ಇಲಿ ತಟ್ಟೆಯಲ್ಲೇ ಕೂತಿತ್ತು. ಕಾಳು ಹಾಕೋದು ನಿಲ್ಲಿಸು ಅಂತ ಅತ್ತೆಯವರು ಹೇಳುತ್ತಿದ್ದಾರೆ. ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ, ಪಾಷಾಣ ಇಡೋಕಾಗಲ್ಲ. ಜಾಗ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ ಅಷ್ಟೇ. ಗುಬ್ಬಿ ಬಿಡೋಕೆ ಮನಸ್ಸಿಲ್ಲ. ಏನು ಮಾಡಲಿ?

ನವನಗರ, ಬಾಗಲಕೋಟೆ – ನಿವೃತ್ತ ಮಾಸ್ತರು

ತಂಗೀ, ನನ್ನ ಕಂಬದ ಕಥೆ ಕೇಳು. ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಅದು ಮಣ್ಣಿನ ಮಾಳಿಗೆ ಮನೆ, ಮಾಳಿಗೆ ಹೊತ್ತ ಮರದ ಜಂತಿ ಸಂದಿಯಲ್ಲೆಲ್ಲ ಗುಬ್ಬಿ ಗೂಡು. ಇಲ್ಲಿ ಆರ್‌ಸಿಸಿ ಮನೆ, ಗೂಡಿಗೆ ಒಂದು ಸಂದಿ ಇಲ್ಲ. ಅದಕ್ಕೇ ಕಾಳು ಹಾಕಲು ಶುರು ಮಾಡಿದೆ.

ಮೊದಲು ಬೇವಿನ ಟೊಂಗೆಗೆ ಹಗ್ಗ ಕಟ್ಟಿ ಬುಟ್ಟಿ ಇಳಿಬಿಟ್ಟೆ. ಇಲಿ ಹಗ್ಗ ಹಿಡಿದು ಇಳಿದು ಬಂತು. ತಂತಿ ಹಾಕಿದೆ, ಅದರ ಮೇಲೂ ಬಂತು. ಆಮೇಲೆ ಕಬ್ಬಿಣದ ಪೈಪು ನೆಟ್ಟೆ. ಎಂಟು ಅಡಿ ಪೈಪಿಗೆ 1,150 ರೂಪಾಯಿ, ಬುಡದ ಕಾಂಕ್ರೀಟಿಗೆ 450, ವೆಲ್ಡಿಂಗ್ ಮಾಡಿದವನಿಗೆ 800. ಪೈಪಿಗೆ ಗ್ರೀಸ್ ಹಚ್ಚಿ ಅಂತ ಯಾರೋ ಹೇಳಿದರು, ಹಚ್ಚಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಒಂದು ಗುಬ್ಬಿಯ ಎದೆಯ ಪುಕ್ಕಕ್ಕೆ ಗ್ರೀಸ್ ಮೆತ್ತಿಕೊಂಡು ರೆಕ್ಕೆ ಬಿಚ್ಚಲಾಗದೆ ಒದ್ದಾಡಿತು. ಅರ್ಧ ದಿನ ಹತ್ತಿಯಿಂದ ಒರೆಸಿದೆ. ಸಂಜೆಗೆ ನನ್ನ ಅಂಗೈಯಲ್ಲೇ ಸತ್ತಿತು. ದಯವಿಟ್ಟು ಯಾರೂ ಗ್ರೀಸ್ ಹಚ್ಚಬೇಡಿ.

ಕೊನೆಗೆ ಪೈಪಿನ ನಡುವೆ ತಗಡಿನ ಕೊಡೆ ಕೂರಿಸಿದೆ. ಮೊದಲನೆಯದು ಒಂಬತ್ತು ಇಂಚು ಅಗಲ, 300 ರೂಪಾಯಿ ದಂಡ. ಇಲಿ ಅಂಚು ಹಿಡಿದು ಹತ್ತಿತು. ಎರಡನೆಯದು ಇಪ್ಪತ್ತು ಇಂಚು, 650. ಅದಕ್ಕೆ ಇಲಿ ಸೋತಿತು. ಆದರೆ ಎಂಟನೇ ದಿನ ಕಂಪೌಂಡ್ ಗೋಡೆಯಿಂದ ನೇರ ತಟ್ಟೆಗೇ ಹಾರಿತು. ಇಲಿ ಅಡ್ಡಕ್ಕೆ ನಾಲ್ಕು ಅಡಿ ಹಾರುತ್ತದೆ, ನನ್ನ ಕಂಬ ಗೋಡೆಗೆ ಮೂರೂವರೆ ಅಡಿ ದೂರ ಇತ್ತು. ಕಿತ್ತು ಎಂಟು ಅಡಿ ಆಚೆ ನೆಡಿಸಿದೆ, ಮತ್ತೆ 1,000. ಒಟ್ಟು 4,350 ರೂಪಾಯಿ. ಎಲ್ಲ ಡೈರಿಯಲ್ಲಿ ಬರೆದಿದ್ದೇನೆ. ಮೂರು ವರ್ಷವಾಯಿತು, ತಟ್ಟೆಗೆ ಒಂದು ಇಲಿ ಹತ್ತಿಲ್ಲ.

ವಿಜಯಪುರ – ಗೃಹಿಣಿ

ಪಾಷಾಣ ಇಡಲ್ಲ ಅಂದಿರಲ್ಲ, ಒಳ್ಳೇದಾಯಿತು. ನಾನು ಇಟ್ಟೆ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಏಪ್ರಿಲ್, ಮೇ ಅಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹಕ್ಕಿಗೆ ನೀರು ಇಡದೆ ಇರೋಕಾಗುತ್ತಾ? ಕಾಳಿಗಿಂತ ಆ ನೀರಿಗೇ ಹೆಗ್ಗಣ ಜಾಸ್ತಿ ಬಂದವು. ನೆಲದ ಫರಸಿ ಕಲ್ಲಿನ ಕೆಳಗಿನ ಮಣ್ಣೆಲ್ಲ ತೋಡಿ ಹಾಕಿದವು. ಅಂಗಡಿಯಲ್ಲಿ ಬ್ರೊಮಾಡಿಯೊಲೋನ್ ಅನ್ನೋ ಇಲಿ ಪಾಷಾಣದ ಕೇಕು ಕೊಟ್ಟರು. ಆ ಔಷಧ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಅಲ್ಲೇ ಸಾಯಲ್ಲ, ಮೂರು ನಾಲ್ಕು ದಿನ ಮಂಕಾಗಿ ತಿರುಗುತ್ತದೆ. ಇದನ್ನು ಯಾರೂ ನನಗೆ ಹೇಳಲಿಲ್ಲ.

ಪಕ್ಕದ ಪಾಳುಮನೆಯಲ್ಲಿ ಒಂದು ಬಿಳಿಮುಖದ ಗೂಬೆ ಇತ್ತು. ರಾತ್ರಿ ಕಿರುಚುತ್ತಿತ್ತು, ಓಣಿಯವರು ಅಪಶಕುನ ಅಂತ ಬಯ್ಯುತ್ತಿದ್ದರು. ಕೇಕು ಇಟ್ಟ ಹತ್ತನೇ ದಿನ ಬೆಳಗ್ಗೆ ಬೇವಿನ ಬುಡದಲ್ಲಿ ಬಿದ್ದಿತ್ತು. ಕೊಕ್ಕಿನ ತುದಿಯಲ್ಲಿ ಒಂದು ಹನಿ ರಕ್ತ. ಕಾಲ ಉಗುರು ಇನ್ನೂ ಮುಚ್ಚಿಕೊಂಡೇ ಇತ್ತು. ಇಲಿ ಹಿಡಿಯುವ ಹಕ್ಕಿಯನ್ನೇ ಕೊಂದೆ. ಆಮೇಲೆ ಮನೆಯಲ್ಲಿ ಇಲಿ ಮೊದಲಿಗಿಂತ ಜಾಸ್ತಿಯಾದವು.

ಶಹಾಪುರ, ಬೆಳಗಾವಿ – ಕಾಳಿನ ಅಂಗಡಿ

ಗೂಬೆಗೆ ಅಳುವವರು ನಮ್ಮ ಅಂಗಡಿಗೆ ಒಂದು ಸಲ ಬಂದು ನೋಡಿ. ಹೋದ ವರ್ಷ ಹದಿನಾಲ್ಕು ಚೀಲ ತೂತು. ತಿಂದದ್ದಕ್ಕಿಂತ ಹೊಲಸು ಮಾಡಿದ್ದೇ ಜಾಸ್ತಿ, ಮಾರೋಕೂ ಬರಲ್ಲ. ಗಾಡಿ ವೈರ್ ಕಡಿದದ್ದಕ್ಕೆ 11,800 ರೂಪಾಯಿ ಬಿಲ್ಲು. ಬೋನು ಆರು ತಂದೆ, ಒಂದಕ್ಕೆ 220. ಮೊದಲ ವಾರ ಒಂಬತ್ತು ಬಿದ್ದವು, ಆಮೇಲೆ ಒಂದೂ ಇಲ್ಲ. ಇಲಿ ಹುಷಾರು, ಆಮೇಲೆ ಬೋನು ಕಂಡರೆ ದೂರ ಇರುತ್ತದೆ.

ನಮ್ಮ ಅಂಗಡಿ ಹಿಂದಿನ ಮನೆಯವರು ದಿನಾ ಪಾರಿವಾಳಕ್ಕೆ ಎರಡು ಕಿಲೋ ಜೋಳ ಸುರಿಯುತ್ತಾರೆ. ಪುಣ್ಯ ಅವರಿಗೆ, ಇಲಿ ನಮಗೆ. ಮಳೆಗಾಲದಲ್ಲಿ ಇಲಿ ಉಚ್ಚೆ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿ ಜ್ವರ ಬರುತ್ತದೆ. ನಮ್ಮ ಹಮಾಲನೊಬ್ಬ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಪ್ಲೇಗಿನ ಕಾಲದಲ್ಲಿ ಊರೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆ ನಮ್ಮ ಅಜ್ಜಿ ಹೇಳುತ್ತಿದ್ದಳು. ಪಾಷಾಣ ಬೇಕೇ ಬೇಕು. ಮಗು ಇದ್ದರೆ ಡಬ್ಬಿಯೊಳಗೆ ಇಡಿ.

ವಿಜಯಪುರ – ಗೃಹಿಣಿ

ಅಣ್ಣಾರೇ, ಡಬ್ಬಿಯೊಳಗೆ ಇಟ್ಟರೆ ಗೂಬೆ ಉಳಿಯುತ್ತಾ? ಇಲಿ ಡಬ್ಬಿಯೊಳಗೆ ಕೂತೇ ಸಾಯುತ್ತಾ? ನಾನು ಬರೆದದ್ದು ಓದಿಯೇ ಇಲ್ಲ ನೀವು.

ಶಹಾಪುರ, ಬೆಳಗಾವಿ – ಕಾಳಿನ ಅಂಗಡಿ

ಓದಿದೆ ಅಕ್ಕಾರೇ. ಇಪ್ಪತ್ತೆರಡು ವರ್ಷದಿಂದ ಇಲಿ ಜೊತೆ ಬದುಕುತ್ತಿದ್ದೇನೆ. ನೀವು ಒಂದು ಬೇಸಿಗೆಯದ್ದು ಹೇಳುತ್ತಿದ್ದೀರಿ.

ಇಳಕಲ್ – ನೇಕಾರರ ಮನೆ

ಇಷ್ಟೆಲ್ಲ ಯಾಕೆ ಜಗಳ? ಒಂದು ಬೆಕ್ಕು ಸಾಕಿ. ಮಗ್ಗದ ಮನೆಯಲ್ಲಿ ಬೆಕ್ಕಿಲ್ಲದೆ ಆಗಲ್ಲ. ಒಂದು ಸಲ ಇಲಿ ರೇಷ್ಮೆ ನೂಲು ಕಡಿದು ಎಂಟು ದಿನದ ಕೆಲಸ ಹಾಳಾಯಿತು, ಆವತ್ತೇ ಬೆಕ್ಕಿನ ಮರಿ ತಂದೆ. ನಾಲ್ಕು ವರ್ಷದಿಂದ ನೂಲಿಗೆ ಇಲಿ ಬಾಯಿ ಬಿದ್ದಿಲ್ಲ.

ನವನಗರ, ಬಾಗಲಕೋಟೆ – ನಿವೃತ್ತ ಮಾಸ್ತರು

ಗುಬ್ಬಿಗೆ ಕಾಳು ಹಾಕುವವರಿಗೆ ಬೆಕ್ಕು ಸಾಕಿ ಅನ್ನುತ್ತೀರಾ? ಪಕ್ಕದ ಮನೆ ಬೆಕ್ಕು ನನ್ನ ಕಣ್ಣೆದುರು ಮೂರು ಮರಿಗುಬ್ಬಿ ತಿಂದಿದೆ. ಅದೂ ಹಾರಲು ಕಲಿಯುತ್ತಿದ್ದ ದಿನ. ಕೇಳಿದ್ದೇನು, ಹೇಳುವುದೇನು?

ಇಳಕಲ್ – ನೇಕಾರರ ಮನೆ

ನಿಮ್ಮ ಗ್ರೀಸೂ ಒಂದು ಗುಬ್ಬಿ ಕೊಂದಿತಲ್ಲ ಸರ್. ನಮ್ಮ ಬೆಕ್ಕಿಗೆ ಹೊಟ್ಟೆ ತುಂಬ ಹಾಲು ಅನ್ನ ಇದೆ, ಹಕ್ಕಿ ತಂಟೆಗೆ ಹೋಗಲ್ಲ.

ನವನಗರ, ಬಾಗಲಕೋಟೆ – ನಿವೃತ್ತ ಮಾಸ್ತರು

ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಬಿಡಲ್ಲ. ನನ್ನ ತಪ್ಪು ನಾನೇ ಬರೆದೆ, ಬೇರೆಯವರು ಮಾಡಬಾರದು ಅಂತ. ಅದನ್ನೇ ತಿರುಗಿಸಿ ನನಗೆ ಹೊಡೆಯುವುದು ಸರಿಯಲ್ಲ.

ಮುಧೋಳ – ರೈತ

ತಟ್ಟೆಯೇ ಬೇಡ, ತೆನೆ ಕಟ್ಟಿ. ನಮ್ಮ ಮನೆ ಪಡಸಾಲೆಯಲ್ಲಿ ಅಪ್ಪನ ಕಾಲದಿಂದ ಬಿಳಿಜೋಳದ ತೆನೆ ಕಟ್ಟುತ್ತೇವೆ. ರಾಶಿ ಮಾಡುವಾಗ ನಲವತ್ತು ಐವತ್ತು ತೆನೆ ತೆಗೆದಿಡುತ್ತೇವೆ, ಹತ್ತು ತೆನೆಗೆ ಒಂದು ಕಟ್ಟು. ಗುಬ್ಬಿ ತೆನೆಗೇ ಜೋತುಬಿದ್ದು ಒಂದೊಂದೇ ಕಾಳು ಬಿಡಿಸುತ್ತದೆ. ತಟ್ಟೆಯಲ್ಲಿ ಹಾಕಿದರೆ ಕಾಲಿನಿಂದ ಕೆದರಿ ಅರ್ಧ ನೆಲಕ್ಕೆ ಚೆಲ್ಲುತ್ತದೆ. ಇಲಿ ಬರೋದು ಆ ಚೆಲ್ಲಿದ ಕಾಳಿಗೆ. ಮಾಸ್ತರ ಕಂಬ ಎಷ್ಟು ಎತ್ತರ ಇದ್ದರೂ ಬುಡದಲ್ಲಿ ಕಾಳು ಬಿದ್ದರೆ ಇಲಿ ಮೇಲೆ ಯಾಕೆ ಹತ್ತುತ್ತದೆ?

ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು, ಇಲಿಗೆ ದಾರಿಯೇ ಇರಲಿಲ್ಲ. ಈಗ ಪ್ಲಾಸ್ಟಿಕ್ ಚೀಲದಲ್ಲಿ ಮೂಲೆಗೆ ಇಡುತ್ತೀರಿ, ಆಮೇಲೆ ಹಕ್ಕಿಗೆ ಹಾಕಿದ್ದಕ್ಕೆ ಇಲಿ ಬಂತು ಅನ್ನುತ್ತೀರಿ. ಮೊದಲು ನಿಮ್ಮ ಕಾಳಿನ ಡಬ್ಬಿ ನೋಡಿ.

ಶಹಾಪುರ, ಬೆಳಗಾವಿ – ಕಾಳಿನ ಅಂಗಡಿ

ಪ್ಯಾಟ್ಯಾಗ ತೆನೆ ಎಲ್ಲಿ ಸಿಗುತ್ತದೆ ಕಾಕಾ? ಒಳ್ಳೆ ಜೋಳದ ರೇಟು ಗೊತ್ತಲ್ಲ.

ಮುಧೋಳ – ರೈತ

ರೇಟು ನಿಮಗೆ ಬಂತು, ನಮಗಲ್ಲ. ಹೊಲದಲ್ಲಿ ಹಕ್ಕಿ ತಿಂದು ಉಳಿದದ್ದು, ಮಳೆಯಲ್ಲಿ ಕಪ್ಪಾಗದೆ ಉಳಿದದ್ದು ನಮ್ಮ ಪಾಲಿಗೆ. ಅದನ್ನು ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ, ಎಷ್ಟಕ್ಕೆ ಮಾರುತ್ತೀರಿ, ಇಲ್ಲಿ ಬರೆಯಿರಿ ನೋಡೋಣ.

ಟಿಳಕವಾಡಿ, ಬೆಳಗಾವಿ – ಬ್ಯಾಂಕ್ ನೌಕರಿ

ಜೋಳದ ರೇಟು ಬೇರೆ ಕಡೆ ಮಾತಾಡಿ. ನಾನು ಒಂದು ರೂಪಾಯಿ ಖರ್ಚಿಲ್ಲದೆ ಇಲಿ ನಿಲ್ಲಿಸಿದ್ದೇನೆ. ಇಲಿ ತಿರುಗುವುದು ರಾತ್ರಿ, ಗುಬ್ಬಿ ತಿನ್ನುವುದು ಬೆಳಗ್ಗೆ. ಆರೂವರೆಗೆ ಎರಡು ಚಮಚ ನುಚ್ಚು ಹಾಕುತ್ತೇನೆ. ಎರಡೇ, ಮುಷ್ಟಿಗಟ್ಟಲೆ ಅಲ್ಲ. ಒಂಬತ್ತಕ್ಕೆ ಆಫೀಸಿಗೆ ಹೊರಡುವ ಮೊದಲು ಉಳಿದದ್ದನ್ನು ಗುಡಿಸಿ ತಟ್ಟೆ ಒಳಗೆ ಇಡುತ್ತೇನೆ. ತಟ್ಟೆ ಕೆಳಗೆ ಹಳೇ ಬೆಡ್‌ಶೀಟ್ ಹಾಸುತ್ತೇನೆ, ಜಾಡಿಸೋಕೆ ಸುಲಭ. ನೀರಿನ ಬಟ್ಟಲನ್ನೂ ಸಂಜೆ ಬೋರಲು ಹಾಕುತ್ತೇನೆ.

ಮೊದಲ ಎರಡು ವಾರ ಇಲಿ ಬರುತ್ತಲೇ ಇದ್ದವು, ಕೈಬಿಡೋಣ ಅನ್ನಿಸಿತ್ತು. ಮೂರನೇ ವಾರದಿಂದ ಇಲ್ಲ. ಹೋದ ದೀಪಾವಳಿಗೆ ಊರಿಗೆ ಹೋದಾಗ ಪಕ್ಕದ ಮನೆ ಹುಡುಗನಿಗೆ ಹೇಳಿ ಹೋಗಿದ್ದೆ. ಪಾಪ, ಪ್ರೀತಿಯಿಂದ ಐದು ದಿನದ ಕಾಳು ಒಂದೇ ದಿನ ಸುರಿದಿದ್ದ. ವಾಪಸ್ ಬಂದಾಗ ಗಟಾರದ ಪಕ್ಕ ಹೊಸ ಬಿಲ. ಮತ್ತೆ ಮೊದಲಿನಿಂದ ಶುರು ಮಾಡಿದೆ.

ನವನಗರ, ಬಾಗಲಕೋಟೆ – ನಿವೃತ್ತ ಮಾಸ್ತರು

ಮುಧೋಳದವರು ಹೇಳಿದ್ದು ನಿಜ. ನನ್ನ ಕಂಬದ ಬುಡದಲ್ಲಿ ಕಾಳು ಬೀಳುತ್ತದೆ, ದಿನಾ ಸಂಜೆ ನನ್ನ ಮನೆಯವಳೇ ಗುಡಿಸುತ್ತಾಳೆ. ಅದನ್ನು ಬರೆಯಬೇಕಿತ್ತು, ಬಿಟ್ಟಿದ್ದೆ. ಆದರೂ ಕಂಬ ದಂಡ ಅಂತ ಒಪ್ಪಲ್ಲ.

ಹಿಂದವಾಡಿ, ಬೆಳಗಾವಿ – ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ, ಇಪ್ಪತ್ತನಾಲ್ಕು ದಿನ ಆಯಿತು. ನಮ್ಮದು ಚಿಕ್ಕ ಜಾಗ, ಗೋಡೆಯಿಂದ ಎಂಟು ಅಡಿ ಬಿಟ್ಟು ಕಂಬ ನೆಡೋಕೆ ಆಗಲ್ಲ. ಟಿಳಕವಾಡಿಯವರು ಹೇಳಿದ ಹಾಗೆ ಬೆಳಗ್ಗೆ ಮಾತ್ರ ಹಾಕುತ್ತಿದ್ದೇನೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬಿಲ ಸಿಕ್ಕಿತು. ಒಳಗೆ ಇಲಿ ಇದೆಯಾ ಅಂತ ಎರಡು ದಿನ ಬಾಯಿಗೆ ಕಾಗದ ತುರುಕಿ ನೋಡಿದೆ. ಇಲಿ ಎರಡೂ ಸಲ ಹೊರಗೆ ತಳ್ಳಿತ್ತು. ಮೂರನೇ ಸಲ ಕಾಗದ ಹಾಗೇ ಇತ್ತು. ಆಮೇಲೆ ಜಲ್ಲಿ, ಒಡೆದ ಗಾಜು, ಸಿಮೆಂಟು ಹಾಕಿ ಮುಚ್ಚಿಸಿದೆ. ಖರ್ಚು 380 ರೂಪಾಯಿ. ಅತ್ತೆಯವರೇ ಈಗ ತಟ್ಟೆ ಒಳಗಿಡುತ್ತಾರೆ. ಮೊದಲು ಹನ್ನೆರಡು ಗುಬ್ಬಿ ಬರುತ್ತಿದ್ದವು, ಈಗ ಏಳೆಂಟು.

ಮುಧೋಳದ ಕಾಕಾ, ತೆನೆ ಯಾವಾಗ ಸಿಗುತ್ತವೆ?

ಮುಧೋಳ – ರೈತ

ಹಿಂಗಾರಿ ಜೋಳದ ರಾಶಿ ಆದ ಮೇಲೆ ಹೇಳುತ್ತೇನೆ ತಂಗೀ. ಬೆಳಗಾವಿಗೆ ಬರುವವರ ಕೈಯಲ್ಲಿ ಎರಡು ಕಟ್ಟು ಕಳಿಸುತ್ತೇನೆ, ದುಡ್ಡು ಬೇಡ. ಪೇರಲ ಗಿಡಕ್ಕೆ ಮಾತ್ರ ಕಟ್ಟಬೇಡ, ಇಲಿ ಟೊಂಗೆ ಹಿಡಿದು ಬರುತ್ತದೆ. ಛಾವಣಿಯ ಕೊಕ್ಕೆಗೆ ಕಟ್ಟು, ಗೋಡೆಗೆ ತಾಗದ ಹಾಗೆ.