ಒಂದೇ ಮಾಡೆಲ್‌ನ ಹೋಮ್‌ಬಿಲ್ಟ್ ವಿಮಾನ ಇರುವವರು ಸೇರಿ ಕ್ಲಬ್ ಕಟ್ಟಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು, ಓಹಿಯೋದಿಂದ:

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇರೋದು ಓಹಿಯೋದಲ್ಲಿ. ಕಿಟ್ ತರಿಸಿ, ಗ್ಯಾರೇಜಿನಲ್ಲಿ ಏಳು ವರ್ಷ ಕೆಲಸ ಮಾಡಿ ಎರಡು ಸೀಟಿನ ವಿಮಾನ ಕಟ್ಟಿದೆ. ಮೂರು ವರ್ಷದಿಂದ ಹಾರಿಸುತ್ತಿದ್ದೇನೆ. ಇದೇ ಮಾಡೆಲ್ ಇಟ್ಟುಕೊಂಡಿರುವ ಹದಿನೈದು ಜನ ನನಗೆ ಗೊತ್ತು. ಹೋದ ವರ್ಷ ಅವರಲ್ಲಿ ಇಬ್ಬರ ವಿಮಾನ ಬಿತ್ತು. ಒಬ್ಬರು ಉಳಿಯಲಿಲ್ಲ. ಅವರ ಮನೆಗೆ ಹೋಗಿ ಬಂದ ಮೇಲೆ ಸುಮ್ನೆ ಕೂರೋಕೆ ಆಗುತ್ತಿಲ್ಲ. ಮಾಲೀಕರ ಕ್ಲಬ್ ಕಟ್ಟೋಣ ಅಂತ ಮಾತಾಗಿದೆ. ಎಲ್ಲಿಂದ ಶುರು ಮಾಡಬೇಕು? ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ?

ಟೆಕ್ಸಾಸ್‌ನಿಂದ, ಇಂಥದ್ದೇ ಒಂದು ಕ್ಲಬ್‌ನ ಲೆಕ್ಕಪತ್ರ ನೋಡಿಕೊಳ್ಳುವವರು:

ಸರ್, ನಿಮ್ಮ ಗೆಳೆಯರ ವಿಷಯ ಓದಿ ಬೇಜಾರಾಯಿತು. ನಮ್ಮ ಕ್ಲಬ್ ಶುರುವಾಗಿದ್ದೂ ಹೀಗೇ ಒಂದು ಸಾವಿನ ಮನೆಯಿಂದ.

ಮೊದಲು ಪಟ್ಟಿ ಮಾಡಿ. ಟೀ ಶರ್ಟು, ವರ್ಷಕ್ಕೊಂದು ಊಟ, ಅಧ್ಯಕ್ಷರು ಯಾರು ಅನ್ನೋದೆಲ್ಲ ಆಮೇಲೆ. ನಿಮ್ಮ ಮಾಡೆಲ್‌ನ ಎಷ್ಟು ವಿಮಾನ ಇವೆ, ಇವತ್ತು ಯಾರ ಕೈಯಲ್ಲಿವೆ, ಇಷ್ಟು ಗೊತ್ತಾಗಬೇಕು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ಅಲ್ಲೊಂದು ತೊಡಕಿದೆ. ಹೋಮ್‌ಬಿಲ್ಟ್ ಆದರೆ ತಯಾರಕರ ಜಾಗದಲ್ಲಿ ಸಾಮಾನ್ಯವಾಗಿ ಕಟ್ಟಿದವರ ಹೆಸರೇ ಇರುತ್ತದೆ, ಕಿಟ್ ಕಂಪನಿಯದ್ದಲ್ಲ. ಮಾಡೆಲ್ ಹೆಸರನ್ನೂ ಅವರವರು ತೋಚಿದ ಹಾಗೆ ಬರೆದಿರುತ್ತಾರೆ. ಒಬ್ಬರು ನಡುವೆ ಗೆರೆ ಹಾಕಿರುತ್ತಾರೆ, ಒಬ್ಬರು ಜಾಗ ಬಿಟ್ಟಿರುತ್ತಾರೆ, ಇನ್ನೊಬ್ಬರು ಹೆಂಡತಿಯ ಹೆಸರನ್ನೂ ಸೇರಿಸಿರುತ್ತಾರೆ. ನಾವು ಮೂವರು ಒಂದು ಚಳಿಗಾಲ ಪೂರ್ತಿ ಕೂತು ಹುಡುಕಿದೆವು. ನಲವತ್ತು ಇರಬಹುದು ಅಂದುಕೊಂಡಿದ್ದೆವು, ತೊಂಬತ್ತು ಸಿಕ್ಕವು. ಅರ್ಧಕ್ಕಿಂತ ಜಾಸ್ತಿ ಜನ ನಮ್ಮ ಹೆಸರೇ ಕೇಳಿರಲಿಲ್ಲ.

ಆ ಅರ್ಧ ಜನಕ್ಕಾಗಿಯೇ ಕ್ಲಬ್ ಬೇಕು. ಅವರಲ್ಲಿ ಹೆಚ್ಚಿನವರು ವಿಮಾನ ಕಟ್ಟಿದವರಲ್ಲ, ಕೊಂಡವರು. ಅಪಘಾತಗಳ ತನಿಖೆ ಮಾಡುವ ಅಮೆರಿಕದ ಎನ್‌ಟಿಎಸ್‌ಬಿ 2012ರಲ್ಲಿ ಹೋಮ್‌ಬಿಲ್ಟ್‌ಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಹೊರತಂದಿತು. ಇಲ್ಲಿನ ಖಾಸಗಿ ಸಣ್ಣ ವಿಮಾನಗಳಲ್ಲಿ ಇವುಗಳ ಪಾಲು ಸುಮಾರು 10 ಶೇಕಡ. 2011ರ ಅಪಘಾತಗಳಲ್ಲಿ ಪಾಲು ಸುಮಾರು 15, ಜೀವ ಹೋದ ಅಪಘಾತಗಳಲ್ಲಿ 21. ಆ ವರ್ಷ ತನಿಖೆಯಾದ ಹೋಮ್‌ಬಿಲ್ಟ್ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನಗಳು ಎರಡನೇ ಕೈಗೆ ಬಂದಂಥವು. ಕಾರಣಗಳಲ್ಲಿ ಮುಂದೆ ನಿಂತಿದ್ದು ಎರಡು: ಇಂಜಿನ್ ಕೈಕೊಡುವುದು, ಹಾರುವಾಗ ಹಿಡಿತ ತಪ್ಪುವುದು.

ಕಟ್ಟಿದವರಿಗೆ ಒಂದೊಂದು ರಿವೆಟ್ ಎಲ್ಲಿದೆ ಅಂತ ಗೊತ್ತಿರುತ್ತದೆ. ಕೊಂಡವರಿಗೆ ಕೀ ಮಾತ್ರ ಸಿಗುತ್ತದೆ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ತೀರಿಕೊಂಡಿದ್ದು ಆಗಷ್ಟೇ ಕೊಂಡಿದ್ದ ಲಾಂಗ್-ಈಜಿ ಅನ್ನೋ ಹೋಮ್‌ಬಿಲ್ಟ್ ವಿಮಾನದಲ್ಲಿ. ಮೂಲ ಪ್ಲಾನ್‌ನಲ್ಲಿ ಟ್ಯಾಂಕ್ ಬದಲಾಯಿಸುವ ವಾಲ್ವ್ ಪೈಲಟ್‌ನ ಕಾಲುಗಳ ನಡುವೆ ಇತ್ತು. ಪೆಟ್ರೋಲ್ ಪೈಪು ಕೂರುವ ಜಾಗದೊಳಗೆ ಬರೋದು ಬೇಡ ಅಂತ ಕಟ್ಟಿದವರು ಅದನ್ನು ಎಡ ಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಬೇಕಾದರೆ ಸೀಟಿನಲ್ಲೇ ಹಿಂದಕ್ಕೆ ತಿರುಗಬೇಕು. ಹಾಗೆ ತಿರುಗುವಾಗ, ವಿಮಾನದ ಮೂಗನ್ನು ಪಕ್ಕಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಕಾಲು ಒತ್ತಿಬಿಡುತ್ತದೆ. ಕಟ್ಟಿದವರ ಉದ್ದೇಶ ಒಳ್ಳೆಯದೇ. ಆದರೆ ಹೊಸಬರಿಗೆ ಅದನ್ನು ಕೂರಿಸಿಕೊಂಡು ಹೇಳಿಕೊಡುವವರು ಬೇಕಿತ್ತು ಅಲ್ವಾ? ಒಂದೇ ಮಾಡೆಲ್ ಅಂದ ಮಾತ್ರಕ್ಕೆ ಒಂದೇ ವಿಮಾನ ಅಲ್ಲ. ಇದನ್ನು ನಿಮ್ಮ ಕ್ಲಬ್‌ನಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ವಿಮಾನ ಕೈ ಬದಲಾದಾಗ ಇನ್ನೆರಡು ವಿಷಯ ಕಳೆದುಹೋಗುತ್ತವೆ. ಕಟ್ಟಿದವರಿಗೆ ಎಫ್‌ಎಎ ರಿಪೇರ್‌ಮನ್ ಸರ್ಟಿಫಿಕೇಟ್ ಕೊಡುತ್ತದೆ, ಅವರೇ ವರ್ಷದ ತಪಾಸಣೆ ಮಾಡಬಹುದು. ಆ ಸರ್ಟಿಫಿಕೇಟ್ ವಿಮಾನದ ಜೊತೆ ಮಾರಾಟ ಆಗುವುದಿಲ್ಲ. ಕೊಂಡವರು ಮೆಕ್ಯಾನಿಕ್ ಹುಡುಕಬೇಕು, ಆ ಮೆಕ್ಯಾನಿಕ್ ಇಂಥ ವಿಮಾನವನ್ನು ಹಿಂದೆ ನೋಡೇ ಇರದಿರಬಹುದು. ಎರಡನೆಯದು, ಕಿಟ್ ಕಂಪನಿ ಹೊರಡಿಸುವ ಸರ್ವಿಸ್ ಬುಲೆಟಿನ್, ಅಂದರೆ ಏನು ನೋಡಬೇಕು, ಏನು ಸರಿಪಡಿಸಬೇಕು ಅನ್ನುವ ಸೂಚನೆ. ಅದು ಹಳೇ ಮಾಲೀಕರ ವಿಳಾಸಕ್ಕೆ ಹೋಗಿ ಕೂರುತ್ತದೆ. ಕಂಪನಿಯೇ ಮುಚ್ಚಿದರೆ ಅದೂ ಇಲ್ಲ. ಆದ್ದರಿಂದ ನಾವು ಪ್ರತಿ ಬುಲೆಟಿನ್‌ಗೂ ಪಟ್ಟಿ ಹಿಡಿದು ಫೋನ್ ಮಾಡುತ್ತೇವೆ. ಇಮೇಲ್ ಕಳಿಸಿ ಸುಮ್ಮನಾಗುವುದಿಲ್ಲ.

ಇನ್ನು ಒಟ್ಟಿಗೆ ಮಾಡುವ ಕೆಲಸ. ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಪೆಟ್ರೋಲ್ ಹರಿವಿನ ಪರೀಕ್ಷೆ. ವಿಮಾನದ ಮೂಗನ್ನು, ಏರುವಾಗ ಎಷ್ಟು ಎತ್ತಿರುತ್ತದೋ ಅದಕ್ಕಿಂತ ಒಂದು ಚೂರು ಜಾಸ್ತಿ ಎತ್ತಿ ನಿಲ್ಲಿಸಬೇಕು. ಟ್ಯಾಂಕಿನಲ್ಲಿ ಕಡಿಮೆ ಪೆಟ್ರೋಲ್ ಇರಬೇಕು. ಕಾರ್ಬ್ಯುರೇಟರ್ ಹತ್ತಿರ ಪೈಪು ಬಿಚ್ಚಿ, ಅಳತೆ ಗೆರೆ ಇರುವ ಬಕೆಟ್ಟಿಗೆ ಬಿಡಬೇಕು, ಗಡಿಯಾರ ನೋಡಬೇಕು. ಪಂಪ್ ಇದ್ದರೆ, ಇಂಜಿನ್ ಪೂರ್ತಿ ಶಕ್ತಿಯಲ್ಲಿ ಕುಡಿಯುವುದಕ್ಕಿಂತ ಕಾಲು ಪಾಲು ಜಾಸ್ತಿ ಬರಬೇಕು. ಮೇಲಿನ ಟ್ಯಾಂಕಿನಿಂದ ತಾನಾಗೇ ಇಳಿಯುವಂಥದ್ದಾದರೆ ಒಂದೂವರೆ ಪಟ್ಟು. 160 ಕುದುರೆ ಶಕ್ತಿಯ ಇಂಜಿನ್‌ಗೆ, ಪಂಪ್ ಇದ್ದಾಗ, ಐದು ನಿಮಿಷಕ್ಕೆ ಸುಮಾರು ಐದೂವರೆ ಲೀಟರ್.

ಒಂದು ಶನಿವಾರ ಆರು ವಿಮಾನ ಸಾಲಾಗಿ ನಿಲ್ಲಿಸಿ ಮಾಡಿದೆವು. ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲೇ ಇತ್ತು, ವಿಮಾನಕ್ಕೂ ಬಕೆಟ್ಟಿಗೂ ನೆಲಕ್ಕೆ ತಂತಿ ಕಟ್ಟಿದ್ದೆವು. ನಾಲ್ಕನೆಯದು ನನ್ನದು. ಮೊದಲೆರಡು ನಿಮಿಷ ಚೆನ್ನಾಗಿ ಬಂತು. ಆಮೇಲೆ ಧಾರೆ ಸಣ್ಣಗಾಗುತ್ತಾ ಬಂದು, ಬೆರಳಿನ ದಪ್ಪ ಇದ್ದಿದ್ದು ಪೆನ್ಸಿಲ್ ಆಯಿತು, ಕೊನೆಗೆ ದಾರದ ಹಾಗೆ ಆಯಿತು. ಫಿಲ್ಟರ್ ಬಿಚ್ಚಿದಾಗ ಒಳಗೆ ಉಗುರಿನಷ್ಟು ಅಗಲದ ಒಂದು ಸಿಪ್ಪೆ. ಟ್ಯಾಂಕ್ ಸೋರದಿರಲಿ ಅಂತ ನಾನೇ ಬಳಿದಿದ್ದ ಸೀಲೆಂಟ್ ಎದ್ದು ಬಂದಿತ್ತು. ಹಿಂದಿನ ಭಾನುವಾರವಷ್ಟೇ ಮಗಳನ್ನು ಕೂರಿಸಿಕೊಂಡು ಹೋಗಿದ್ದೆ. ಆ ಸಿಪ್ಪೆಯನ್ನು ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ಕ್ಲಬ್‌ಗೆ ಯಾರೇ ಹೊಸಬರು ಬಂದರೂ ಅದನ್ನು ಅವರ ಕೈಗೆ ಕೊಟ್ಟು ತೋರಿಸುತ್ತೇನೆ.

ಅವತ್ತಿಂದ ಜನ ಮಾತಾಡೋಕೆ ಶುರು ಮಾಡಿದರು. ಲೆಕ್ಕ ನೋಡುವವನದ್ದೇ ಹಾಗಾಗಿತ್ತು ಅಂದ ಮೇಲೆ ಮುಚ್ಚಿಡೋಕೆ ಏನಿದೆ? ಒಬ್ಬರು ರನ್‌ವೇಗೆ ತಿರುಗುವಾಗ ವೇಗ ಕಳೆದುಕೊಂಡು ಹೆದರಿದ್ದು ಹೇಳಿದರು. ಇನ್ನೊಬ್ಬರು ಮೇಲಿನ ಬಾಗಿಲು ಆಕಾಶದಲ್ಲಿ ತೆರೆದುಕೊಂಡಿದ್ದು ಹೇಳಿದರು. ಹೇಳಿದವರ ಹೆಸರು ಹೊರಗೆ ಹೋಗಬಾರದು, ಇದನ್ನು ಮಾತ್ರ ಬಿಗಿಯಾಗಿ ಹಿಡಿಯಿರಿ. ನಾಸಾದವರು 1976ರಿಂದ ಹೆಸರು ಬಿಟ್ಟುಕೊಡದೆ ಇಂಥ ವರದಿ ತೆಗೆದುಕೊಳ್ಳುತ್ತಿದ್ದಾರೆ. ಅಲ್ಲಿಗೂ ಬರೆಯಲು ಹೇಳಿ.

ಫ್ಲೋರಿಡಾದಿಂದ, ಎರಡನೇ ಮಾಲೀಕರು:

ಮೇಲೆ ಹೇಳಿದ "ಕೊಂಡವರು" ನಾನೇ ಅಂದುಕೊಳ್ಳಿ. ಕೊಂಡ ದಿನವೇ ಒಬ್ಬನೇ ಹಾರಿಸಿಕೊಂಡು ಮನೆಗೆ ಹೊರಟಿದ್ದೆ. ಸಾವಿರ ಗಂಟೆ ಹಾರಿದ್ದೇನೆ, ಇದೇನು ಮಹಾ ಅನ್ನಿಸಿತ್ತು. ಹೊರಡುವ ಅರ್ಧ ಗಂಟೆ ಮುಂಚೆ ಪರಿಚಯವೇ ಇಲ್ಲದ ಹಿರಿಯರೊಬ್ಬರ ಫೋನ್. "ವಿಮಾನ ಅಲ್ಲೇ ಇರಲಿ, ನಾನು ನಾಳೆ ಬರುತ್ತೇನೆ" ಅಂದರು. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದರು. ಇಬ್ಬರೂ ಕೂತು ಹಾರಿದೆವು. ಮೊದಲ ಸ್ಟಾಲ್‌ನಲ್ಲೇ, ಅಂದರೆ ವೇಗ ತಗ್ಗಿಸಿ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದನ್ನು ನೋಡುವಾಗಲೇ, ಎಡ ರೆಕ್ಕೆ ಎಷ್ಟು ಜೋರಾಗಿ ಬಿತ್ತು ಅಂದರೆ ನನ್ನ ಕೈ ಕಂಟ್ರೋಲ್ ಕಡ್ಡಿಯ ಮೇಲೆ ಹಾಗೇ ನಿಂತುಬಿಟ್ಟಿತ್ತು, ಸರಿ ಮಾಡಿದ್ದು ಅವರು. ನಿಮ್ಮ ಕ್ಲಬ್‌ನಲ್ಲಿ ಹೀಗೆ ಫೋನ್ ಮಾಡುವವರು ಒಬ್ಬರಾದರೂ ಇರಲಿ. ಮಾರಾಟದ ಜಾಹೀರಾತುಗಳನ್ನು ವಾರಕ್ಕೊಮ್ಮೆ ನೋಡಿ, ಮಾರುವವರ ಹತ್ತಿರವೇ ಕೊಳ್ಳುವವರ ನಂಬರ್ ಕೇಳಿ.

ವಿಸ್ಕಾನ್ಸಿನ್‌ನಿಂದ, ಇನ್‌ಸ್ಟ್ರಕ್ಟರ್:

ಲ್ಯಾನ್ಸೇರ್ ಅನ್ನೋ ಕಿಟ್ ವಿಮಾನಗಳ ಮಾಲೀಕರು 2008ರಲ್ಲಿ ಕಟ್ಟಿದ ಲೋಬೋ ಸಂಘವನ್ನು ನೋಡಿ. ಸಣ್ಣ ರೆಕ್ಕೆ, ಭಾರಿ ವೇಗ, ಇಳಿಯುವಾಗಲೂ ಜಾಸ್ತಿ ವೇಗ ಬೇಡುವ ವಿಮಾನಗಳು ಅವು. ಅವರು ತರಬೇತಿಯನ್ನೇ ಮುಂದಿಟ್ಟುಕೊಂಡರು. ನಿಮ್ಮ ಮಾಡೆಲ್ ಚೆನ್ನಾಗಿ ಬಲ್ಲ ಇಬ್ಬರು ಇನ್‌ಸ್ಟ್ರಕ್ಟರ್ ಸಿಕ್ಕರೆ ಸಾಕು, ದೊಡ್ಡ ಬಲ. ಅವರು ತಮ್ಮದೇ ವಿಮಾನದಲ್ಲಿ ದುಡ್ಡು ತೆಗೆದುಕೊಂಡು ಕಲಿಸುವುದಾದರೆ ಎಫ್‌ಎಎ ಅನುಮತಿಯ ನಿಯಮ ಇದೆ, ಅದನ್ನು ಮೊದಲೇ ವಿಚಾರಿಸಿ. ಹೊಸದಾಗಿ ಕಟ್ಟಿದ ವಿಮಾನಕ್ಕೂ ಈಗ ದಾರಿ ಇದೆ. ಮೊದಲ ಪರೀಕ್ಷಾ ಹಾರಾಟಗಳಲ್ಲಿ ಅನುಭವ ಇರುವ ಇನ್ನೊಬ್ಬ ಪೈಲಟ್ ಜೊತೆಗೆ ಕೂರಲು ಎಫ್‌ಎಎ 2014ರಿಂದ ಅವಕಾಶ ಕೊಟ್ಟಿದೆ. ಇದಕ್ಕೆ ಷರತ್ತುಗಳಿವೆ, ಓದಿಕೊಳ್ಳಿ. ಹೋಮ್‌ಬಿಲ್ಟ್ ಕಟ್ಟುವವರ ದೊಡ್ಡ ಸಂಘ ಇಎಎಯ ಸದಸ್ಯರಾಗಿದ್ದರೆ ಅವರ ಟೆಕ್ನಿಕಲ್ ಕೌನ್ಸಿಲರ್, ಫ್ಲೈಟ್ ಅಡ್ವೈಸರ್‌ಗಳು ಬಂದು ನೋಡುತ್ತಾರೆ. ಕ್ಲಬ್ ಹೆಸರಲ್ಲಿ ಸಲಹೆ ಕೊಡುವ ಮೊದಲು ವಕೀಲರ ಹತ್ತಿರ ಒಂದು ಸಲ ಮಾತಾಡಿ.

ಕೇಳಿದವರು:

ತುಂಬಾ ಥ್ಯಾಂಕ್ಸ್. ಇವತ್ತು ರಾತ್ರಿಯಿಂದಲೇ ಪಟ್ಟಿ ಶುರು ಮಾಡುತ್ತೇನೆ. ತೀರಿಕೊಂಡವರ ಹೆಂಡತಿ ತಾವೂ ಕೂತು ಹುಡುಕುತ್ತೇನೆ ಅಂದಿದ್ದಾರೆ. ಮೇ ತಿಂಗಳ ಮೊದಲ ಶನಿವಾರ ನಮ್ಮ ಹ್ಯಾಂಗರ್‌ನಲ್ಲಿ ಪೆಟ್ರೋಲ್ ಪರೀಕ್ಷೆ ಇಟ್ಟುಕೊಳ್ಳೋಣ ಅಂತಿದ್ದೇವೆ. ಅವತ್ತೇ ಎಲ್ಲ ವಿಮಾನಗಳ ತೂಕವನ್ನೂ ನೋಡಬೇಕು. ಚಕ್ರದ ಕೆಳಗೆ ಇಡುವ ತಕ್ಕಡಿ ಯಾರ ಹತ್ತಿರ ಇದೆ?

ಟೆಕ್ಸಾಸ್‌ನಿಂದ:

ನಮ್ಮ ಕ್ಲಬ್‌ನದ್ದು ಮೂರು ಇವೆ, ಕಳಿಸುತ್ತೇನೆ. ಆ ಸೀಲೆಂಟ್ ಸಿಪ್ಪೆ ಇರುವ ಡಬ್ಬಿಯನ್ನೂ ಅದರ ಜೊತೆ ಇಟ್ಟಿರುತ್ತೇನೆ.